ಮೀಸೆ ಬಿಟ್ಟ ಸಮೀಕ್ಷೆ

‘ತಮಿಳು ಮತ್ತು ತೆಲುಗು ಮನೆಮಾತಿನ ಮಹಿಳೆಯರಲ್ಲಿ ಪಿಸಿಓಎಸ್ ಪ್ರಮಾಣ ಗಮನಾರ್ಹವಾಗಿ ಕಡಿಮೆ ಇದೆ.’

ವರದಿಯ ಕರಡಿನಲ್ಲಿದ್ದ ಈ ವಾಕ್ಯವನ್ನು ನಾನು ಮೂರು ಸಲ ಓದಿದೆ. ಮೂರು ಸಲವೂ ಒಪ್ಪಲಿಲ್ಲ. ಒಪ್ಪದಿರಲು ಆಗ ನನ್ನ ಬಳಿ ಒಂದು ಕಾರಣವೂ ಇರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಕಾಲೇಜಿನ ವರ್ಷಗಳನ್ನೆಲ್ಲ ಚರ್ಚಾ ಸ್ಪರ್ಧೆಗಳ ವೇದಿಕೆ ಮೇಲೆ ಕಳೆದವಳು ನಾನು. ಯಾರಾದರೂ ‘ಗಮನಾರ್ಹವಾಗಿ’ ಎಂದರೆ ನನ್ನ ಕೈ ತಾನಾಗಿ ಮೇಲೇಳುತ್ತದೆ.

ನಾನು ಶಿವಮೊಗ್ಗದ ಒಂದು ವೈದ್ಯಕೀಯ ಸಂಸ್ಥೆಯಲ್ಲಿ ಸಂಶೋಧನಾ ಸಹಾಯಕಿ. ಓದಿದ್ದು ಸಂಖ್ಯಾಶಾಸ್ತ್ರ. ಪಿಸಿಓಎಸ್ ಎಂದರೆ ಜನ ‘ಪಿಸಿಓಡಿ’ ಎನ್ನುತ್ತಾರಲ್ಲ, ಅದೇ. ಮುಟ್ಟು ಹಿಂದುಮುಂದಾಗುವುದು, ಮುಖ ಮೈ ಮೇಲೆ ಗಂಡಸರಂತೆ ಕೂದಲು ಬರುವುದು, ಸ್ಕ್ಯಾನ್ ಮಾಡಿದರೆ ಅಂಡಾಶಯದಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಕಾಣುವುದು. ಈ ಮೂರರಲ್ಲಿ ಎರಡಿದ್ದು, ಥೈರಾಯ್ಡಿನಂಥ ಬೇರೆ ಕಾರಣ ಇಲ್ಲದಿದ್ದರೆ ಇದೆ ಎಂದು ಅರ್ಥ. ಜಗತ್ತಿನ ಬೇರೆ ಬೇರೆ ಜನಾಂಗಗಳ ಹೆಂಗಸರಲ್ಲಿ ಇದು ಒಂದೇ ಪ್ರಮಾಣದಲ್ಲಿಲ್ಲ ಎಂದು ಪುಸ್ತಕಗಳು ಹೇಳುತ್ತವೆ. ನಮ್ಮ ಊರುಗಳಲ್ಲಿ ಹೇಗೆ ಎಂದು ನೋಡುವುದು ನಮ್ಮ ಸಮೀಕ್ಷೆಯ ಉದ್ದೇಶ. ಅದಕ್ಕೆಂದೇ ನಮೂನೆಯಲ್ಲಿ ‘ಮನೆಮಾತು’ ಎಂಬ ಕಲಂ. ಶಿವಮೊಗ್ಗದ ವಿದ್ಯಾನಗರ, ಕೋಟೆ ಕಡೆಯ ಮನೆಗಳಲ್ಲಿ ಹೆಚ್ಚಿನವು ಕನ್ನಡದವು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಅಜ್ಜಂದಿರ ಕಾಲದಲ್ಲಿ ಕೆಲಸಕ್ಕೆಂದು ಬಂದು ನಿಂತ ತಮಿಳು, ತೆಲುಗು ಮನೆಗಳೇ ಬಹಳ.

ಆ ಒಂದು ವಾಕ್ಯದ ಮೇಲೆ ನಿಂತದ್ದು ಸಣ್ಣದಲ್ಲ. ವಾರಕ್ಕೊಮ್ಮೆಯ ಉಚಿತ ಕ್ಲಿನಿಕ್ ಒಂದು ಮಂಜೂರಾಗಿತ್ತು; ಜೊತೆಗೆ ಒಂದು ಸ್ಕ್ಯಾನ್ ಯಂತ್ರ. ಸ್ಕ್ಯಾನ್ ಯಂತ್ರವನ್ನು ಇವತ್ತು ಇಲ್ಲಿ, ನಾಳೆ ಅಲ್ಲಿ ಎಂದು ಹೊತ್ತು ತಿರುಗಲು ಭ್ರೂಣಲಿಂಗ ಪತ್ತೆ ತಡೆಯುವ ಕಾನೂನು ಬಿಡುವುದಿಲ್ಲ. ಅದು ಒಂದು ವಿಳಾಸಕ್ಕೆ ನೋಂದಣಿಯಾಗಬೇಕು. ಆ ವಿಳಾಸ ಕೋಟೆ ಹತ್ತಿರದ ಕಟ್ಟಡವೋ, ಭದ್ರಾವತಿ ಕ್ವಾರ್ಟರ್ಸ್‌ನ ಹಳೆಯ ವಾಚನಾಲಯವೋ ಎನ್ನುವುದನ್ನು ನಮ್ಮ ವರದಿ ನೋಡಿ ಸಮಿತಿ ತೀರ್ಮಾನಿಸುವುದಿತ್ತು. ಕಡಿಮೆ ಇರುವ ಕಡೆ ಯಾರು ಕ್ಲಿನಿಕ್ ತೆರೆಯುತ್ತಾರೆ? ಇತ್ತ ಶಿವಮೊಗ್ಗದಲ್ಲಿ ರಸ್ತೆಗೊಂದು ಸ್ಕ್ಯಾನಿಂಗ್ ಸೆಂಟರ್ ಇದೆ. ಕ್ವಾರ್ಟರ್ಸ್‌ನ ಹೆಂಗಸು ಸ್ಕ್ಯಾನಿಗೆ ಬರಬೇಕೆಂದರೆ ಬಸ್ಸು ಹತ್ತಿ, ಸರದಿಯಲ್ಲಿ ಕೂತು, ಒಂದಿಡೀ ದಿನ ಬಿಡಬೇಕು.

ವಿಭಾಗದ ಮುಖ್ಯಸ್ಥೆಯನ್ನು ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಅವರ ಮುಂದೆ ನಿಂತು, “ಇದು ತಪ್ಪು ಅನ್ನಿಸತ್ತೆ ಮೇಡಂ,” ಎಂದೆ.

“ಅನ್ನಿಸತ್ತೆ ಅನ್ನೋದು ಯಾವ ಕಲಮಿನಲ್ಲಿ ಬರತ್ತೆ?” ಎಂದರು ಕನ್ನಡಕದ ಮೇಲಿಂದ ನೋಡಿ. “ಎರಡೂ ಕಡೆ ಒಂದೇ ನಮೂನೆ. ಕೂದಲಿನ ಅಂಕ ಹಾಕಿದ್ದೂ ಎರಡೂ ಕಡೆ ಒಬ್ಬಳೇ ಡಾಕ್ಟರು. ನೋಡಿದ ಕಣ್ಣು ಒಂದೇ. ತಪ್ಪು ಎಲ್ಲಿದೆ, ತೋರ್ಸು. ಸಮಿತಿ ಸಭೆಗೆ ಇನ್ನೂ ಮೂರು ತಿಂಗಳಿದೆ.”

ನಮ್ಮ ಕ್ರಮ ಹೀಗಿತ್ತು. ಮನೆಯಲ್ಲಿ ಮೊದಲು ಪ್ರಶ್ನೆಗಳು: ಕಳೆದ ಆರು ತಿಂಗಳಲ್ಲಿ ಎರಡು ಮುಟ್ಟಿನ ನಡುವೆ ಮೂವತ್ತೈದು ದಿನ ದಾಟಿದ್ದಿದೆಯೇ? ಆಮೇಲೆ ಜೂನಿಯರ್ ಡಾಕ್ಟರು ಒಳಕೋಣೆಯಲ್ಲಿ ತುಟಿಯ ಮೇಲ್ಭಾಗ, ಗದ್ದ, ಎದೆ, ಬೆನ್ನು ಎಂದು ಒಂಬತ್ತು ಕಡೆ ಕೂದಲು ನೋಡಿ, ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಹಾಕುತ್ತಿದ್ದಳು. ಮುಟ್ಟಿನ ಏರುಪೇರು, ಕೂದಲು ಎರಡೂ ಇದ್ದವರನ್ನು ಮಾತ್ರ ಸ್ಕ್ಯಾನಿಗೂ ರಕ್ತಪರೀಕ್ಷೆಗೂ ಕಳಿಸುವುದು. ಉಳಿದವರದು ಅಲ್ಲಿಗೇ ಮುಗಿಯಿತು.

ನಗರದಲ್ಲಿ ಪ್ರಶ್ನೆ ಕೇಳಿದವಳು ನಾನು. ಭದ್ರಾವತಿಯಲ್ಲಿ ಕೇಳಿದವರು ಕ್ವಾರ್ಟರ್ಸ್‌ನಲ್ಲೇ ಹುಟ್ಟಿ ಬೆಳೆದ, ಮೂರು ಭಾಷೆ ನೀರು ಕುಡಿದಂತೆ ಆಡುವ ನಮ್ಮ ಕ್ಷೇತ್ರ ಕಾರ್ಯಕರ್ತೆ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಡಾಕ್ಟರು ಒಬ್ಬಳೇ, ನಮೂನೆ ಒಂದೇ. ಹಾಗಾದರೆ ಬೇರೆಯಾದದ್ದು ಕೇಳಿದ ಬಾಯಿ ಮಾತ್ರ. ನನ್ನ ಬುದ್ಧಿ ನೇರ ಅಲ್ಲಿಗೇ ಹೋಯಿತು. ಭದ್ರಾವತಿ ಬಸ್ಸಿನಲ್ಲಿ ಪಕ್ಕದಲ್ಲೇ ಕೂತಿದ್ದ ಅಕ್ಕನಿಗೆ, ಪ್ರಶ್ನೆಯನ್ನು ತಮಿಳಿಗೆ ತಿರುಗಿಸುವಾಗ ಅರ್ಥ ಸ್ವಲ್ಪ ಜಾರಿರಬಹುದಲ್ಲವೇ ಎಂದು ಬಹಳ ನಯವಾಗಿ ಕೇಳಿದೆ.

ಅಕ್ಕ ಕಿಟಕಿ ಬಿಟ್ಟು ನನ್ನ ಕಡೆ ಪೂರ್ತಿ ತಿರುಗಿ ಕೂತರು. ಆಮೇಲೆ, “ನಂಗೆ ತಮಿಳು ಬರಲ್ಲ ಅಂತೀಯಾ, ನಂಗೆ ಮುಟ್ಟು ಅಂದ್ರೇನು ಗೊತ್ತಿಲ್ಲ ಅಂತೀಯಾ? ಎರಡರಲ್ಲಿ ಒಂದು ಹೇಳು ಮಾರಾಯ್ತಿ,” ಎಂದರು.

ನಾನು ಎರಡನ್ನೂ ಹೇಳಲಿಲ್ಲ, ಆದರೆ ಬಿಡಲೂ ಇಲ್ಲ. ತಮಿಳು ಮನೆಮಾತಿನ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳನ್ನು ಕರೆದೊಯ್ದು, ಅಕ್ಕ ಕೇಳಿದ್ದ ಮನೆಗಳಲ್ಲಿ ಕೆಲವನ್ನು ಚೀಟಿ ಎತ್ತಿ ಆರಿಸಿ, ಅದೇ ಪ್ರಶ್ನೆ ಮತ್ತೆ ಕೇಳಿಸಿದೆ. ಎಲ್ಲ ಮನೆಯಲ್ಲೂ ಅದೇ ಉತ್ತರ. ಒಂದು ಅಕ್ಷರ ಆಚೀಚೆ ಇಲ್ಲ. ವಾಪಸ್ ಬರುವಾಗ ಕ್ಷಮೆ ಕೇಳಿದೆ.

“ಇರ್ಲಿ,” ಎಂದರು ಅಕ್ಕ. “ನಿನ್ನ ಚರ್ಚಾ ಸ್ಪರ್ಧೇಲಿ ಕಪ್ ಯಾರಿಗೆ ಬಂತು ಅಷ್ಟು ಹೇಳು.”

ಮೊದಲ ಸುತ್ತಿನಲ್ಲಿ ಸೋತೆ. ಇನ್ನೊಬ್ಬರ ಕೆಲಸ ಬಗೆದು ನೋಡಿದವಳು ನನ್ನ ಕೆಲಸವನ್ನೂ ನೋಡಬೇಕಲ್ಲ? ನಗರದಲ್ಲಿ ನಾನೇ ತುಂಬಿದ್ದ ನಮೂನೆಗಳನ್ನು ಹಿಡಿದು ವಿದ್ಯಾನಗರಕ್ಕೆ ಹೋದೆ. ಮೊದಲ ಬಾಗಿಲು ತೆಗೆದವಳು ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳು. ನಮ್ಮ ಪಟ್ಟಿಯಲ್ಲಿ ಅವಳಿಗೆ ಪಿಸಿಓಎಸ್ ಇತ್ತು. ದಿನಾಂಕಗಳನ್ನು ಇನ್ನೊಮ್ಮೆ ನೋಡಬೇಕು ಎಂದಾಗ, “ಬಾಯಲ್ಲಿ ಹೇಳೋದ್ಯಾಕೆ, ಬನ್ನಿ,” ಎಂದು ಅಡುಗೆಮನೆಗೆ ಕರೆದೊಯ್ದು ಗೋಡೆಯ ಕ್ಯಾಲೆಂಡರ್ ತೋರಿಸಿದಳು. ಹಾಲು ಬಾರದ ದಿನಗಳಿಗೆ ಅಡ್ಡಗೆರೆ. ಮುಟ್ಟಾದ ದಿನಕ್ಕೆ ಕೆಂಪು ಚುಕ್ಕಿ. ಶ್ರಾವಣ, ಭಾದ್ರಪದದ ಹಾಳೆಗಳಲ್ಲಿ ಮಾತ್ರ ಸಾಲಾಗಿ ನೀಲಿ ಗೆರೆಗಳು.

“ಈ ನೀಲಿ ಏನು?”

“ಅದು ಮುಂದಕ್ಕೆ ಹಾಕೋ ಮಾತ್ರೆ. ತಗೊಂಡ ದಿನ ಗುರುತು ಮಾಡ್ಕೊಂಡಿದೀನಿ, ಮರ್ತುಹೋಗತ್ತಲ್ಲ.”

ನಡುಮನೆಯಿಂದ ಅವಳ ಅತ್ತೆ ಕೂಗಿ ಹೇಳಿದರು: “ವರಮಹಾಲಕ್ಷ್ಮಿಗೊಂದು ಸಲ, ಗೌರಿ ಹಬ್ಬಕ್ಕೊಂದು ಸಲ ಕಣಮ್ಮ. ಕಲಶ ಕೂರ್ಸೋದು ಅವಳೇ ಅಲ್ವಾ? ನಂಗಂತೂ ಬಗ್ಗಕ್ಕೆ ಆಗಲ್ಲ.”

“ಮಾತ್ರೆ ತಗೊಳ್ತೀರಾ ಅಂತ ನಾನು ಕೇಳಿದ್ನಲ್ಲ, ಇಲ್ಲ ಅಂದಿದ್ರಿ?”

ಅವಳು ನನ್ನನ್ನು ಮರುಕದಿಂದ ನೋಡಿದಳು. “ನೀವು ಕೇಳಿದ್ದು ಮಕ್ಕಳಾಗದ ಹಾಗೆ ತಗೊಳೋ ಮಾತ್ರೆ. ಇದು ಅದಲ್ವಲ್ಲ ಮೇಡಂ.”

ಸರಿಯಾಗಿಯೇ ಹೇಳಿದ್ದಳು. ನಮೂನೆಯಲ್ಲಿದ್ದದ್ದು ‘ಗರ್ಭನಿರೋಧಕ ಮಾತ್ರೆ’. ಹಬ್ಬಕ್ಕೆಂದು ಮುಟ್ಟು ಮುಂದೂಡಿದರೆ ಮೂವತ್ತೈದು ದಿನ ದಾಟದೆ ಇನ್ನೇನಾಗುತ್ತದೆ? ನಾವು ನಗರ ಸುತ್ತಿದ್ದು ಗಣೇಶನ ಹಬ್ಬ ಮುಗಿದ ವಾರಗಳಲ್ಲಿ. ಹಬ್ಬ, ಗೃಹಪ್ರವೇಶ, ನಾದಿನಿಯ ಮದುವೆ ಎಂದು ಮನೆ ಮನೆಯಲ್ಲೂ ತಿಂಗಳನ್ನು ಮುಂದೆ ತಳ್ಳಿದ್ದರು. ನಾವು ಅದಕ್ಕೆ ಕಾಯಿಲೆ ಎಂದು ಹೆಸರಿಟ್ಟಿದ್ದೆವು. ಮುಟ್ಟು, ಕೂದಲು ಎರಡೇ ಸಾಕಾಗಿದ್ದರಿಂದ, ಸ್ಕ್ಯಾನಿನಲ್ಲಿ ಗುಳ್ಳೆ ಕಾಣದಿದ್ದವರೂ ಪಟ್ಟಿಯಲ್ಲಿ ಉಳಿದುಬಿಟ್ಟಿದ್ದರು.

ಮತ್ತೆ ಎರಡು ವಾರ ಮನೆ ಮನೆ ಸುತ್ತಿ, ‘ಹಬ್ಬಕ್ಕೋ ಸಮಾರಂಭಕ್ಕೋ ಮುಂದಕ್ಕೆ ಹಾಕೋ ಮಾತ್ರೆ ತಗೊಂಡಿದ್ರಾ?’ ಎಂಬ ಒಂದೇ ಪ್ರಶ್ನೆ ಕೇಳಿ ಬಂದೆ. ಪಟ್ಟಿಯಿಂದ ಎಲ್ಲರೂ ಹೊರಬೀಳಲಿಲ್ಲ. ಕೂದಲೂ ಸ್ಕ್ಯಾನೂ ಎರಡೂ ನಿಜವಾಗಿದ್ದವರು ಉಳಿದರು. ಆದರೆ ನಗರದ ಸಂಖ್ಯೆ ಚೆನ್ನಾಗಿಯೇ ಇಳಿಯಿತು. ನಾನು ಗೆದ್ದ ಮುಖ ಹೊತ್ತು ಮೇಡಂ ಕೋಣೆಗೆ ಹೋದೆ.

ಅವರು ಹಾಳೆ ನೋಡಿ, “ಭೇಷ್,” ಎಂದರು. ಆಮೇಲೆ ಬೆರಳನ್ನು ಭದ್ರಾವತಿಯ ಸಾಲಿನ ಮೇಲಿಟ್ಟರು. “ಇದು ನಗರವನ್ನು ಇಳಿಸ್ತು. ಭದ್ರಾವತೀನ ಏರಿಸ್ಲಿಲ್ಲ. ಅಲ್ಲಿ ಕೂದಲಿನ ಅಂಕ ಎಲ್ಲಾ ಸೊನ್ನೆ, ಒಂದು. ಈಗಲೂ ಅಲ್ಲಿ ಕಡಿಮೇನೇ. ನಿಂದು ಅರ್ಧ ವಾದ.”

ಅರ್ಧ ವಾದಕ್ಕೆ ಯಾವ ವೇದಿಕೆಯಲ್ಲೂ ಬಹುಮಾನವಿಲ್ಲ. ಹಾಳೆ ಮಡಚಿಕೊಂಡು ಬಂದೆ.

ಉಳಿದರ್ಧ ಸಿಕ್ಕಿದ್ದು ನನ್ನ ಜಾಣತನದಿಂದಲ್ಲ. ಕ್ವಾರ್ಟರ್ಸ್‌ನ ಒಂದು ಒಪ್ಪಿಗೆ ಪತ್ರದಲ್ಲಿ ಸಹಿ ಬಿಟ್ಟುಹೋಗಿತ್ತು. ಮನೆಯಲ್ಲೇ ಬ್ಲೌಸ್ ಹೊಲಿಯುವ, ಮೂವತ್ತರ ಒಳಗಿನ ಒಬ್ಬ ತಮಿಳು ಹೆಣ್ಣುಮಗಳದು. ಅಕ್ಕನೂ ನಾನೂ ಬೇರೆ ಕೆಲಸಕ್ಕೆ ಹೋದವರು ಹಾಗೇ ಅವಳ ಬಾಗಿಲಿಗೆ ಹೋದೆವು. ಹೊಲಿಗೆ ಯಂತ್ರದಿಂದ ತಲೆಯೆತ್ತಿದವಳು ನಮ್ಮನ್ನು ಕಂಡದ್ದೇ ಸೆರಗನ್ನು ಗದ್ದದವರೆಗೆ ಎಳೆದುಕೊಂಡಳು. ಎಳೆದುಕೊಳ್ಳುವ ಮೊದಲೇ ನಾನು ನೋಡಿಯಾಗಿತ್ತು. ಗದ್ದದ ಅಂಚಿನಲ್ಲಿ, ತುಟಿಯ ಮೇಲೆ, ಕಪ್ಪಾಗಿ ಒರಟಾಗಿ ಕೂದಲು. ಕೈಲಿದ್ದ ನಮೂನೆ ನೋಡಿದೆ. ತುಟಿಯ ಮೇಲ್ಭಾಗ ಸೊನ್ನೆ, ಗದ್ದ ಸೊನ್ನೆ.

“ಹೇಳ್ದೆ ಕೇಳ್ದೆ ಬಂದ್ಬಿಟ್ರಲ್ಲ ಅಕ್ಕಾ,” ಎಂದಳು ನೊಂದು.

ನಾನು ಮೆಲ್ಲಗೆ ಕೇಳಿದೆ. “ಹಿಂದಿನ ಸಲ ಡಾಕ್ಟರು ನೋಡಿದಾಗ ಇದಿರ್ಲಿಲ್ವಾ?”

“ಅಯ್ಯೋ, ಅವತ್ತು ಬರ್ತೀರಂತ ಅಕ್ಕ ಮುಂಚೇನೇ ಹೇಳಿದ್ರಲ್ಲ. ಡಾಕ್ಟರಮ್ಮ ಮನೆಗೆ ಬರೋವಾಗ ಹಿಂಗೇ ಕೂತ್ಕೊಳಕ್ಕಾಗತ್ತಾ? ಪಕ್ಕದ್ಮನೆ ಹುಡುಗಿ ಹತ್ರ ಥ್ರೆಡ್ಡಿಂಗ್ ಮಾಡಿಸಿ, ದಾರದಲ್ಲಿ ಕೂದಲೆಲ್ಲ ತೆಗೆಸ್ಕೊಂಡು, ಮಂಜಳ್, ಅದೇ ಅರಿಶಿನ, ಹಚ್ಚಿ ಸ್ನಾನ ಮಾಡಿ ಕೂತಿದ್ದೆ. ಈ ಲೈನ್ ಮನೆಗಳಲ್ಲಿ ಎಲ್ರೂ ಮಾಡಿಸ್ಕೊಂಡ್ರು. ಅವತ್ತು ಆ ಹುಡುಗಿಗೆ ಊಟಕ್ಕೂ ಪುರುಸೊತ್ತಿಲ್ಲ.”

ನಾನು ಅಕ್ಕನ ಮುಖ ನೋಡಿದೆ. ಅಕ್ಕ ನೆಲ ನೋಡುತ್ತಿದ್ದರು. ಕ್ವಾರ್ಟರ್ಸ್ ಮನೆಗಳು ಚಿಕ್ಕವು. ಒಳಕೋಣೆಯಲ್ಲಿ ಗಂಡಸರು ಶಿಫ್ಟ್ ಮುಗಿಸಿ ಮಲಗಿರುತ್ತಾರೆ. ಮೈ ತೋರಿಸಬೇಕಾದ ತಪಾಸಣೆಗೆ ಹಿಂದಿನ ದಿನವೇ ತಿಳಿಸಿ ಹೋಗುವುದು ಮರ್ಯಾದೆ ಎಂದು ಅಕ್ಕ ಮನೆ ಮನೆಗೆ ಹೇಳಿ ಬಂದಿದ್ದರು. ನಗರದಲ್ಲಿ ನಾವು ಬೆಲ್ ಒತ್ತಿದ್ದೆವು, ಅಷ್ಟೇ. ಅಲ್ಲಿನವರು ಹೇಗಿದ್ದರೋ ಹಾಗೇ ನಮ್ಮ ಮುಂದೆ ಕೂತಿದ್ದರು. ನೋಡಿದ ಕಣ್ಣು ಒಂದೇ. ತೋರಿಸಿದ ಮುಖ ಬೇರೆ.

“ಮುಟ್ಟು?” ಎಂದೆ.

“ಮೂರು ತಿಂಗಳಿಗೊಂದ್ಸಲ ಬಂದ್ರೆ ಬಂತು. ಮದುವೆ ಆಗಿ ಆರು ವರ್ಷ ಆಯ್ತು ಮೇಡಂ. ಮಗು ಯಾಕಿಲ್ಲ ಅಂತ ಕೇಳೋರು ಎಷ್ಟು ಜನ! ಸ್ಕ್ಯಾನ್ ಮಾಡ್ಸು ಅನ್ನೋರು ಒಬ್ರೂ ಇಲ್ಲ.”

ಮುಟ್ಟು ತಪ್ಪುತ್ತಿದೆ ಎಂದು ಅವಳು ಮೊದಲೇ ಹೇಳಿದ್ದಳು, ಅಕ್ಕ ಸರಿಯಾಗಿ ಬರೆದೂ ಇದ್ದರು. ಕೂದಲಿನ ಸೊನ್ನೆ ಅವಳನ್ನು ಸ್ಕ್ಯಾನಿನ ಬಾಗಿಲಲ್ಲೇ ತಡೆದಿತ್ತು. ಹಾಗೆ ತಡೆಯಲ್ಪಟ್ಟವರು ಆ ಲೈನಿನಲ್ಲಿ ಇನ್ನೆಷ್ಟು ಜನರೋ. ಈಗ ಅವರೆಲ್ಲರ ಸೊನ್ನೆ ಸೇರಿ ಕ್ಲಿನಿಕ್ಕನ್ನೂ ಅವರಿಂದ ದೂರ ತಳ್ಳುವುದಿತ್ತು.

ಹೊರಗೆ ಬಂದದ್ದೇ ಅಕ್ಕ ಸಿಡಿದರು. “ಹಾಗಾದ್ರೆ ಹೇಳ್ದೆ ನುಗ್ಬೇಕಿತ್ತಾ ನಾನು? ನಿಮ್ಮ ವಿದ್ಯಾನಗರದ ಥರ ಇಲ್ಲಿ ಬೇರೆ ಬೇರೆ ರೂಮಿದೆಯಾ?”

“ಅಕ್ಕ, ತಪ್ಪು ನಿಮ್ದಲ್ಲ. ನಮ್ಮ ನಮೂನೇದು. ‘ಯಾವಾಗ ತೆಗೆಸಿದ್ರಿ’ ಅಂತ ಒಂದು ಪ್ರಶ್ನೆ ಅದರಲ್ಲಿ ಇರ್ಬೇಕಿತ್ತು.”

“ಇದನ್ನ ಬರ್ದು ಕೊಡು. ಫ್ರೇಮ್ ಹಾಕಿಸ್ತೀನಿ,” ಎಂದರು ಅಕ್ಕ. ಆದರೆ ಅವರ ಸಿಟ್ಟು ಇಳಿದಿತ್ತು.

ಮೇಡಂ ಪೂರ್ತಿ ಕೇಳಿ, ಕರಡನ್ನು ಮೇಜಿನ ಖಾನೆಗೆ ಹಾಕಿದರು. ಸಭೆಗೆ ಉಳಿದಿದ್ದದ್ದು ಹತ್ತು ವಾರ. ಹೊಸ ನಿಯಮ ಅವರೇ ಹೇಳಿದರು: ಎರಡೂ ಊರಲ್ಲಿ ಒಂದೇ ಕ್ರಮ. ಎಲ್ಲರಿಗೂ ಮೊದಲೇ ತಿಳಿಸುವುದು. ತಿಳಿಸಿ, ನಾಲ್ಕು ವಾರ ಥ್ರೆಡ್ಡಿಂಗ್, ವ್ಯಾಕ್ಸಿಂಗ್ ಏನೂ ಮಾಡಿಸದೆ ಇರಲು ಕೇಳುವುದು. ಆಮೇಲೆ ಡಾಕ್ಟರು ಒಬ್ಬಳೇ ಅಲ್ಲ, ಇಬ್ಬರು, ಒಬ್ಬರ ಅಂಕ ಇನ್ನೊಬ್ಬರು ನೋಡದೆ ಹಾಕಬೇಕು. ಎರಡು ಲಕ್ಷಣ ಎಂಬ ಬಾಗಿಲು ಬೇಡ, ಒಂದೇ ಇದ್ದರೂ ಸ್ಕ್ಯಾನಿಗೆ ಕಳಿಸಿ.

ಕಾಗದದ ಮೇಲೆ ಬಹಳ ಚೆನ್ನಾಗಿತ್ತು. ಕ್ವಾರ್ಟರ್ಸ್‌ನಲ್ಲಿ ಹೊಲಿಗೆಯವಳ ಮನೆಯಲ್ಲೇ ಹೆಂಗಸರನ್ನು ಸೇರಿಸಿ ಇದನ್ನು ಹೇಳಿದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು. ಒಂದು ತಿಂಗಳಾ? ಅಣ್ಣನ ಮಗಳ ನಿಶ್ಚಯ ಇದೆ. ಗಂಡ ಏನಂತಾರೆ. ಅತ್ತೆ ಏನಂತಾರೆ. ನಾನು ಪೂರ್ವಾಗ್ರಹ, ದತ್ತಾಂಶ ಎಂದು ಏನೇನೋ ವಿವರಿಸಿದೆ. ಕ್ಲಿನಿಕ್ ಇಲ್ಲಿಗೇ ಬರಬಹುದು ಎಂದೆ. ವಾದದಲ್ಲಿ ಒಂದು ತೂತೂ ಇರಲಿಲ್ಲ. ಒಬ್ಬಳೂ ಒಪ್ಪಲಿಲ್ಲ.

ಹೊಲಿಗೆಯವಳು ಬಾಯಲ್ಲಿ ಕಚ್ಚಿದ್ದ ದಾರ ತೆಗೆದು ನನ್ನ ಮುಖವನ್ನೇ ದಿಟ್ಟಿಸಿದಳು. “ಮೇಡಂ, ಒಂದು ಕೇಳ್ತೀನಿ. ನೀವು ಅಪ್ಪರ್ ಲಿಪ್ ಎಷ್ಟು ದಿನಕ್ಕೊಮ್ಮೆ ಮಾಡಿಸ್ತೀರ?”

ಐದು ವರ್ಷ ಎದುರಾಳಿಗಳ ಪ್ರಶ್ನೆ ಎದುರಿಸಿದವಳ ಕೈ ತಾನಾಗಿ ತುಟಿಯ ಮೇಲೆ ಹೋಯಿತು. “ಹದಿನೈದು ದಿನಕ್ಕೆ,” ಎಂದೆ.

“ನೀವು ಬಿಡ್ತೀರಾ, ಒಂದು ತಿಂಗಳು?”

ನಾನು ಅದುವರೆಗೆ ಮಾಡಿದ ವಾದಗಳೆಲ್ಲ ಇನ್ನೊಬ್ಬರ ಮುಖದ ಮೇಲೆ ನಡೆದಂಥವು ಎಂದು ಆಗ ಹೊಳೆಯಿತು. “ಬಿಡ್ತೀನಿ,” ಎಂದೆ. ನನ್ನ ಧ್ವನಿ ನನಗೇ ಸಣ್ಣದಾಗಿ ಕೇಳಿಸಿತು.

“ಅಕ್ಕ?”

“ನಂಗೂ ಬಂತಲ್ಲ ಗ್ರಹಚಾರ,” ಎಂದು ಅಕ್ಕ ಹಣೆ ಚಚ್ಚಿಕೊಂಡರು. “ಬಿಡ್ತೀನಿ ಹೋಗು.”

ಆಗ ನಗು ಎದ್ದಿತು. ನಗುತ್ತಲೇ ಒಬ್ಬೊಬ್ಬರಾಗಿ ಹೆಸರು ಬರೆಸಿದರು. ನಿಶ್ಚಯವಿದ್ದ ಮನೆಯವಳೊಬ್ಬಳು ಮಾತ್ರ ಒಪ್ಪಲಿಲ್ಲ. ಅವಳ ಹೆಸರಿನ ಮುಂದೆ ‘ಒಪ್ಪಿಲ್ಲ’ ಎಂದೇ ಬರೆದುಕೊಂಡೆವು.

ನನ್ನ ಮೈಬಣ್ಣಕ್ಕೆ ಹತ್ತನೆಯ ದಿನಕ್ಕೇ ತುಟಿಯ ಮೇಲೆ ನೆರಳು ಕಂಡಿತು. ಮೂರನೆಯ ವಾರಕ್ಕೆ ಅದನ್ನು ನೆರಳು ಎನ್ನುವ ಹಾಗಿರಲಿಲ್ಲ. ಅಮ್ಮ ಕಾಫಿ ಲೋಟ ಇಡುತ್ತ, “ಸಂಬಂಧದವರು ಯಾರಾದ್ರೂ ನೋಡಿದ್ರೆ ನಾನೇನು ಹೇಳ್ಲಿ?” ಎಂದರು. “ಸಂಶೋಧನೆ ಅನ್ನಿ,” ಎಂದೆ. ವಿದ್ಯಾನಗರಕ್ಕೂ ಅದೇ ಮುಖ ಹೊತ್ತು ಹೋದೆ. ಬ್ಯಾಂಕಿನವಳು ನನ್ನ ಮುಖ ನೋಡಿ, “ನೀವೇ ಹೀಗೆ ಬಂದ್ಮೇಲೆ ಇನ್ನೇನು ಹೇಳೋದು, ಬರ್ಕೊಳ್ಳಿ,” ಎಂದಳು. ನಗರದ ಪಟ್ಟಿ ತುಂಬಿದ್ದು ನನ್ನ ಮಾತಿನಿಂದಲ್ಲ, ಮೀಸೆಯಿಂದ.

ಒಂದು ದಿನ ಧೈರ್ಯ ಸಾಲದೆ ಬಸ್ಸಿನಲ್ಲಿ ಮಾಸ್ಕ್ ಹಾಕಿಕೊಂಡು, ತೆಗೆಯಲು ಮರೆತು ಕ್ವಾರ್ಟರ್ಸ್‌ಗೆ ಹೋಗಿಬಿಟ್ಟೆ. ಹೊಲಿಗೆಯವಳು ಕಿಟಕಿಯಿಂದಲೇ ಕೂಗಿದಳು: “ಮಾಸ್ಕ್ ಹಾಕಿದ್ರೆ ಔಟ್ ಮೇಡಂ! ಮೊದಲಿಂದ ಶುರು!” ಇಡೀ ಲೈನಿಗೆ ಕೇಳಿಸಿತು. ಮಾಸ್ಕ್ ತೆಗೆದು ಚೀಲಕ್ಕೆ ಹಾಕಿದೆ. ಆಮೇಲೆ ಅದನ್ನು ಹಾಕಲಿಲ್ಲ.

ನಾಲ್ಕು ವಾರ ತುಂಬಿದ ಮೇಲೆ ಇಬ್ಬರು ಡಾಕ್ಟರುಗಳು ಎರಡೂ ಊರು ಸುತ್ತಿದರು. ಕ್ವಾರ್ಟರ್ಸ್‌ನ ಸೊನ್ನೆಗಳು ಎರಡಾದವು, ಮೂರಾದವು. ಹೊಲಿಗೆಯವಳ ಗದ್ದಕ್ಕೆ ಇಬ್ಬರೂ ಮೂರು ಅಂಕ ಹಾಕಿದ್ದರು. ಅವಳ ಸ್ಕ್ಯಾನ್, ರಕ್ತಪರೀಕ್ಷೆ ಬಂದಾಗ ಅನುಮಾನಕ್ಕೆ ಜಾಗ ಉಳಿಯಲಿಲ್ಲ. ಸಕ್ಕರೆ ಅಂಶವೂ ಅಂಚಿಗೆ ಬಂದು ನಿಂತಿತ್ತು. ಅಂಥವರು ಆ ಲೈನಿನಲ್ಲಿ ಅವಳೊಬ್ಬಳೇ ಆಗಿರಲಿಲ್ಲ.

ಎರಡೂ ಊರಿನ ಸಾಲುಗಳು ಎಷ್ಟು ಹತ್ತಿರ ಬಂದವೆಂದರೆ ‘ಗಮನಾರ್ಹ’ ಎಂಬ ಪದಕ್ಕೆ ಕೂರಲು ಜಾಗವಿರಲಿಲ್ಲ. ಪೂರ್ತಿ ಒಂದಾಗಲೂ ಇಲ್ಲ. ಸ್ವಲ್ಪ ಅಂತರ ಉಳಿಯಿತು. ನನಗದು ಬೇಡವಾಗಿತ್ತು. ‘ವ್ಯತ್ಯಾಸವಿಲ್ಲ’ ಎಂದು ಬರೆದುಕೊಂಡು ಹೋದೆ.

ಮೇಡಂ ಪೆನ್ನಿನಿಂದ ಹೊಡೆದು ಹಾಕಿದರು. “ಇದೆ ಅಂತ ಮೊದಲ ಕರಡಲ್ಲಿ ನಾವು ಆತುರ ಪಟ್ವಿ, ಇಲ್ಲ ಅಂತ ನೀನು ಪಡ್ತಿದೀಯ. ಇಷ್ಟು ಮನೆ ನೋಡಿ ಎರಡನ್ನೂ ಹೇಳೋಕೆ ಬರಲ್ಲ. ಹಾಗೇ ಬರಿ.” ಹಾಗೇ ಬರೆದೆ. ನನ್ನ ಬದುಕಿನಲ್ಲಿ ಎದುರು ಪಕ್ಷಕ್ಕೂ ನನ್ನ ಪಕ್ಷಕ್ಕೂ ಒಟ್ಟಿಗೆ ಸಲ್ಲುವ ವಾಕ್ಯ ಬರೆದದ್ದು ಅದೇ ಮೊದಲು.

ಸಮಿತಿ ಸಭೆಗೆ ಮೇಡಂ ನನ್ನನ್ನೇ ಮಾತಾಡಲು ನಿಲ್ಲಿಸಿದರು. ಹಿರಿಯ ಸದಸ್ಯರೊಬ್ಬರು ಹಿಂದಿನ ಕರಡನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟುಕೊಂಡಿದ್ದರು. “ಹಾಗಾದ್ರೆ ಜನಾಂಗದಿಂದ ಜನಾಂಗಕ್ಕೆ ಈ ಕಾಯಿಲೇಲಿ ವ್ಯತ್ಯಾಸ ಇಲ್ವೇ ಇಲ್ಲ ಅಂತೀರೇನಮ್ಮ?”

“ಇದೆ ಸರ್. ಪೂರ್ವ ಏಷ್ಯಾದ ಹೆಂಗಸರಿಗೆ ಮೈಕೂದಲು ಕಡಿಮೆ, ಹಾಗಾಗಿ ಅವರಿಗೆ ಅಂಕದ ಗಡೀನೇ ಕೆಳಗಿಡ್ತಾರೆ. ಅದು ರಕ್ತದಲ್ಲಿ ಬಂದದ್ದು. ನಾವು ಮೊದಲು ಅಳೆದಿದ್ದು ರಕ್ತವನ್ನಲ್ಲ. ಒಂದೂರಲ್ಲಿ ಹಬ್ಬದ ಮಾತ್ರೆ ಅಳೆದ್ವಿ, ಇನ್ನೊಂದೂರಲ್ಲಿ ಅತಿಥಿ ಸತ್ಕಾರ ಅಳೆದ್ವಿ. ಅದಕ್ಕೆ ಮನೆಮಾತಿನ ಹೆಸರಿಟ್ವಿ.”

“ಕ್ಲಿನಿಕ್ ಭದ್ರಾವತೀಲೇ ಬೇಕು ಅಂತ ವರದೀಲಿ ಕೇಳಿದೀರಿ, ಯಾಕೆ? ಈಗ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಅಂತೀರಲ್ಲ.”

“ಕಾಯಿಲೆ ಸಮ ಸರ್. ಸ್ಕ್ಯಾನ್ ಸಮ ಇಲ್ಲ. ಇಲ್ಲಿ ನಡ್ಕೊಂಡು ಹೋಗಿ ಮಾಡಿಸ್ತಾರೆ. ಅಲ್ಲಿ ಒಂದು ದಿನ ಬಿಡ್ಬೇಕು.”

ಅವರು ಕನ್ನಡಕ ತೆಗೆದು ನನ್ನ ಮುಖವನ್ನು ತುಸು ಹೆಚ್ಚೇ ಹೊತ್ತು ನೋಡಿದರು. ಕೊನೆಯ ಮನೆಯ ತಪಾಸಣೆ ಮುಗಿದದ್ದು ಹಿಂದಿನ ವಾರ, ಆಮೇಲೆ ವರದಿಯ ಗಡಿಬಿಡಿ. ಪಾರ್ಲರಿಗೆ ಹೋಗಲು ನನಗೆ ಪುರುಸೊತ್ತು ಸಿಕ್ಕಿರಲಿಲ್ಲ. ಅವರು ಪಕ್ಕದವರ ಜೊತೆ ಮೆಲುದನಿಯಲ್ಲಿ ಮಾತಾಡಿ, ಕಾಗದದ ಮೇಲೆ ಹಳೆಯ ವಾಚನಾಲಯದ ವಿಳಾಸದ ಮುಂದೆ ಗುರುತು ಹಾಕಿದರು.

ಸ್ಕ್ಯಾನ್ ಯಂತ್ರದ ನೋಂದಣಿ ಮುಗಿದು ಕ್ಲಿನಿಕ್ಕಿನ ಮೊದಲ ಬುಧವಾರ ಬಂತು. ಹಿಂದಿನ ದಿನ ಅಕ್ಕ ಎಂದಿನಂತೆ ಮನೆ ಮನೆಗೂ ಹೋಗಿ ಹೇಳಿ ಬಂದಿದ್ದರು. ಕೊನೆಗೊಂದು ಮಾತು ಮಾತ್ರ ಹೊಸದಾಗಿ ಸೇರಿಸಿದ್ದರಂತೆ: “ಇದ್ದ ಹಾಗೇ ಬನ್ನಿ.”

ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಜಗಲಿಯಲ್ಲಿ ಬೆಂಚು ತುಂಬಿತ್ತು. ಮೊದಲು ಕೂತಿದ್ದವಳು ಹೊಲಿಗೆಯವಳು, ಮಡಿಲಲ್ಲಿ ಕಾಜಾ ಹೊಲಿಯಲು ತಂದ ಒಂದು ಬ್ಲೌಸ್. ಅವಳು ನನ್ನ ಮುಖ ನೋಡಿ ಕೈ ಬಾಯಿಗಿಟ್ಟುಕೊಂಡಳು.

“ಅಯ್ಯೋ, ಮೀಸೆ ಎಲ್ಲಿ ಮೇಡಂ?”

“ಗೆದ್ದ ಮೇಲೆ ತೆಗೆಸ್ದೆ.”

“ನಂದು ನೋಡಿ, ಇದ್ದ ಹಾಗೇ ತಂದಿದೀನಿ,” ಎಂದು ಗದ್ದ ಮುಂದೆ ಮಾಡಿ ಒಳಗೆ ನಡೆದಳು. ಸೆರಗು ಭುಜದ ಮೇಲೆಯೇ ಇತ್ತು.

ಡಾಕ್ಟರು ಅವಳಿಗೆ ಮಾತ್ರೆ, ಊಟ, ನಡಿಗೆ ಎಲ್ಲ ಬರೆದುಕೊಟ್ಟು, ಮಗುವಿನ ವಿಷಯಕ್ಕೂ ದಾರಿಯಿದೆ ಎಂದು ಬಿಡಿಸಿ ಹೇಳಿ ಕಳಿಸಿದರು. ಹನ್ನೊಂದು ಗಂಟೆಗೆ ನಾನು ಬೇರೆಯವರ ಹೆಸರು ಬರೆದುಕೊಳ್ಳುತ್ತ ಕೂತಿದ್ದಾಗ, ವಾಚನಾಲಯದ ಕಿಟಕಿಯ ಆಚೆ, ಎರಡು ಲೈನು ದಾಟಿ, ಅವಳ ಹೊಲಿಗೆ ಯಂತ್ರದ ಸದ್ದು ಮತ್ತೆ ಶುರುವಾದದ್ದು ಕೇಳಿಸಿತು.